ಹಳ್ಳಿಯ ಬಂಡಿಗೆ ಹಣ ಕೊಟ್ಟವರಾರು?

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಅರಸರ ವಂಶಾವಳಿ, ಕಾಳಗ, ಕೌಲು-ಕರಾರು. ಅವು ಬೇಕಾದವುಗಳೇ. ಆದರೆ ಊರಿಗೆ ಮೊದಲ ಸಡಕು ಬಂದುದು, ಆ ಸಡಕಿನ ಮೇಲೆ ಮೊದಲ ಮೋಟಾರು ಬಂದುದು, ಅದು ಕೆಲವು ಕಾಲ ಓಡಿ ನಿಂತುಹೋದುದು, ಇವೂ ಇತಿಹಾಸವೇ ಆಗಿವೆ. ಅರಸರು ಬದಲಾದಾಗ ಒಕ್ಕಲಿಗನ ಬಾಳು ಎಷ್ಟು ಬದಲಾಯಿತೆಂದು ಹೇಳುವುದು ಕಷ್ಟ. ದಾರಿ ಬದಲಾದಾಗ ಮಾತ್ರ ಅವನ ಜೋಳದ ಬೆಲೆ, ಅವನ ಮಗಳ ಬೀಗತನ, ಅವನ ಮಗನ ಓದು ಎಲ್ಲವೂ ಬದಲಾಗಿವೆ.

ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆ, ಜತ್ತ ಈ ಸೀಮೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯನ್ನು ಮುಗಿಸಿದ ಹುಡುಗಿಯು ಮುಂದಿನ ಊರಿನ ಪ್ರೌಢಶಾಲೆಗೆ ಹೋಗುವಳೋ, ಹೊಲಕ್ಕೆ ಹೋಗುವಳೋ ಎಂಬುದನ್ನು ಅನೇಕ ಸಲ ಅವಳ ಗುಣಪತ್ರಿಕೆ ನಿರ್ಧರಿಸುವುದಿಲ್ಲ, ಬೆಳಗಿನ ಬಸ್ಸು ನಿರ್ಧರಿಸುತ್ತದೆ. ಆ ಬಸ್ಸು ಏಕೆ ಬರುತ್ತದೆ, ಏಕೆ ಬರುವುದಿಲ್ಲ ಎಂಬ ಪ್ರಶ್ನೆಯ ಬೆನ್ನುಹತ್ತಿ ಹೋದರೆ ಕೊನೆಗೆ ಇನ್ನೊಂದು ಪ್ರಶ್ನೆಗೆ ಬಂದು ನಿಲ್ಲುತ್ತೇವೆ. ಅದಕ್ಕೆ ಹಣ ಕೊಡುವವರಾರು? ಕಳೆದ ನೂರೈವತ್ತು ವರ್ಷಗಳಲ್ಲಿ ನಮ್ಮ ಸೀಮೆಯ ಹಳ್ಳಿಗಳ ದಾರಿಗೂ ಬಂಡಿಗೂ ಹಣವು ಎಲ್ಲಿಂದ ಬಂದಿತೆಂಬುದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಒಂದಾಣೆಯ ಕಥೆ

ಮೊದಲು ದಾರಿಯ ಮಾತು. ಭೀಮಾತೀರದ ಎರೆಭೂಮಿಯನ್ನು ಬಲ್ಲವರಿಗೆ ಮಳೆಗಾಲದ ಚಕ್ಕಡಿಯ ಪಾಡೂ ಗೊತ್ತು. ಬೇಸಿಗೆಯಲ್ಲಿ ಕಲ್ಲಿನಂತಿರುವ ನೆಲ ಒಂದು ಮಳೆಗೆ ಅರಲಾಗಿ ಗಾಲಿಯನ್ನು ಗುಂಬದವರೆಗೆ ನುಂಗುತ್ತದೆ. ಸುಗ್ಗಿಯಾದ ಮೇಲೆ, ಮುಂದಿನ ಮಳೆ ಬೀಳುವುದರೊಳಗೆ, ಮಾಲನ್ನು ಪೇಟೆಗೆ ಮುಟ್ಟಿಸದಿದ್ದರೆ ಒಕ್ಕಲಿಗನು ಊರಿನ ಸಾಹುಕಾರನು ಹೇಳಿದ ಬೆಲೆಗೇ ಮಾರಬೇಕಾಗಿತ್ತು.

ಬ್ರಿಟಿಷರ ಆಳಿಕೆಯ ಮುಂಬಯಿ ಇಲಾಖೆಯಲ್ಲಿ 1863ರ ಸುಮಾರಿಗೆ ಒಂದು ಹೊಸ ಪಟ್ಟಿ ಹುಟ್ಟಿತು. ರೈತನು ಭೂಕಂದಾಯವೆಂದು ಒಂದು ರೂಪಾಯಿ ಕೊಟ್ಟರೆ ಅದರ ಮೇಲೆ ಒಂದಾಣೆಯನ್ನು ಸ್ಥಾನಿಕ ನಿಧಿಗೆಂದು ಕೊಡಬೇಕು. 1869ರಲ್ಲಿ ಇದಕ್ಕೆ ಕಾಯಿದೆಯ ಆಧಾರವೂ ದೊರೆಯಿತು. ಈ ಹಣದಲ್ಲಿ ಮೂರರಲ್ಲಿ ಎರಡು ಪಾಲು ಸಡಕು ಮೊದಲಾದ ಸಾರ್ವಜನಿಕ ಕೆಲಸಗಳಿಗೆ. ಉಳಿದ ಒಂದು ಪಾಲು ಹಳ್ಳಿಯ ಶಾಲೆಗಳಿಗೆ. ಆಣೆಗೆ ಹನ್ನೆರಡು ಪೈಗಳಿದ್ದ ಕಾಲವದು. ಅಂದರೆ ಪ್ರತಿ ಆಣೆಯಲ್ಲಿ ಎಂಟು ಪೈ ದಾರಿಗೆ, ನಾಲ್ಕು ಪೈ ಶಾಲೆಗೆ. ಇದಲ್ಲದೆ ಸುಂಕದ ಕಟ್ಟೆಗಳ ಹುಟ್ಟುವಳಿ, ನದಿಯ ದೋಣಿಕಡವುಗಳ ಹುಟ್ಟುವಳಿ ಇವೂ ಈ ನಿಧಿಗೆ ಸೇರುತ್ತಿದ್ದವು.

ಇದರಲ್ಲಿ ಶಿಕ್ಷಕರು ಗಮನಿಸಬೇಕಾದ ಒಂದು ಸಂಗತಿ ಇದೆ. ನಮ್ಮ ಹಳ್ಳಿಯ ಶಾಲೆಯೂ ಹಳ್ಳಿಯ ದಾರಿಯೂ ಒಂದೇ ಆಣೆಯ ಮಕ್ಕಳು. ಹೊಲದಲ್ಲಿ ದುಡಿದವನ ಚೀಲದಿಂದಲೇ ಎರಡಕ್ಕೂ ಹಣ ಬಂದಿತು. ಆದರೆ ಖರ್ಚಿನ ಅಧಿಕಾರ ಅವನ ಕೈಯಲ್ಲಿರಲಿಲ್ಲ. ನಿಧಿಯ ಕಮಿಟಿಗಳ ಕೀಲಿಕೈ ಕಲೆಕ್ಟರರ ಕೈಯಲ್ಲಿತ್ತು. ಆದುದರಿಂದ ಸಡಕುಗಳು ಮೊದಲು ತಾಲೂಕಿನ ಕಚೇರಿಗೂ ರೈಲುನಿಲ್ದಾಣಕ್ಕೂ ಹೋಗುವ ಕಡೆಗೆ ಬೆಳೆದವು. ಒಂದು ಹಳ್ಳಿಯಿಂದ ಮತ್ತೊಂದು ಹಳ್ಳಿಗೆ ಹೋಗುವ ದಾರಿ ಬಂಡಿಯ ಜಾಡಾಗಿಯೇ ಉಳಿಯಿತು. ಅಕ್ಕಲಕೋಟೆ, ಜತ್ತಗಳು ಸಂಸ್ಥಾನಗಳಾಗಿದ್ದುದರಿಂದ ಅವುಗಳ ಬೊಕ್ಕಸವೇ ಬೇರೆ, ಲೆಕ್ಕವೇ ಬೇರೆ. ಸೀಮೆಯ ಗೆರೆಯೊಡನೆ ದಾರಿಯ ಹಣವೂ ನಿಲ್ಲುವ ಪದ್ಧತಿಗೆ ಆಗಲೇ ಮೊದಲಾಯಿತೆನ್ನಬಹುದು.

ಉಗಿಬಂಡಿ ಬಂದಿತು, ಊರಿಗಲ್ಲ

ಮುಂಬಯಿಯಿಂದ ಹೊರಟ ಜಿ.ಐ.ಪಿ. ರೈಲು 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ರೈಲನ್ನು ಕೂಡಿಕೊಂಡಿತು. ಇದು ಖಾಸಗಿ ಕಂಪನಿ ಹಾಕಿದ ಹಳಿ ಎಂದು ಪುಸ್ತಕಗಳು ಹೇಳುತ್ತವೆ. ಆ ಕಂಪನಿಯ ಧೈರ್ಯದ ಮೂಲವನ್ನೂ ಅರಿಯಬೇಕು. ಹಾಕಿದ ಬಂಡವಾಳಕ್ಕೆ ನೂರಕ್ಕೆ 5ರಂತೆ ಲಾಭವನ್ನು ಸರಕಾರವೇ ಖಾತರಿ ಮಾಡಿಕೊಟ್ಟಿತ್ತು. ರೈಲಿನ ಹುಟ್ಟುವಳಿ ಅಷ್ಟಕ್ಕೆ ಸಾಲದಿದ್ದರೆ ಕೊರತೆಯನ್ನು ಬೊಕ್ಕಸ ತುಂಬಿಕೊಡುತ್ತಿತ್ತು. ಬೊಕ್ಕಸವೆಂದರೆ ಬಹುಮಟ್ಟಿಗೆ ರೈತನ ಕಂದಾಯ. ರೈಲನ್ನು ಎಂದೂ ಹತ್ತದವನೂ ರೈಲಿಗೆ ಹಣ ಕೊಟ್ಟನು.

1876ರಿಂದ 1878ರ ವರೆಗಿನ ಘೋರ ಬರಗಾಲದಲ್ಲಿ ಸೊಲ್ಲಾಪುರ, ಕಲಾದಗಿ ಜಿಲ್ಲೆಗಳು ಬೆಂದುಹೋದವು. ನಿಲ್ದಾಣದವರೆಗೆ ಧಾನ್ಯ ಬಂದರೂ ಎತ್ತುಗಳು ಸತ್ತುಹೋದ ಒಳನಾಡಿಗೆ ಅದನ್ನು ಸಾಗಿಸುವುದು ದುಸ್ತರವಾಯಿತು. ಬರವನ್ನು ತಡೆಯಲು ಇನ್ನಷ್ಟು ರೈಲುಗಳು ಬೇಕೆಂಬ ಅಭಿಪ್ರಾಯ ಬಲವಾಗಿ, ಸದರ್ನ್ ಮರಾಠಾ ರೈಲ್ವೆಯ ಹೋಟಗಿ-ಗದಗ ಮಾರ್ಗ 1884ರಲ್ಲಿ ಇಂಡಿ, ವಿಜಾಪುರಗಳ ಮೂಲಕ ಓಡಿತು. ಇದರ ಹಿಂದೆ ಇದ್ದುದು ಟಿಕೀಟಿನ ಲಾಭದ ಆಸೆಗಿಂತ ಜನ ಸಾಯಬಾರದೆಂಬ ಎಚ್ಚರಿಕೆ.

ಹಳ್ಳಿಗಾಡಿಗೆಂದೇ ಹುಟ್ಟಿದ ರೈಲೊಂದು ನಮ್ಮ ಜಿಲ್ಲೆಯಲ್ಲೇ ಇತ್ತು. ಅದು ಬಾರ್ಸಿ ಲೈಟ್ ರೈಲ್ವೆ. ಬಾರ್ಸಿ ದೊಡ್ಡ ಹತ್ತಿಯ ಪೇಟೆ. ಮುಖ್ಯ ರೈಲುದಾರಿ ಮಾತ್ರ ಇಪ್ಪತ್ತು ಮೈಲುಗಳಿಗೂ ಮಿಕ್ಕಿ ದೂರ ಕುರ್ಡುವಾಡಿಯ ಮೂಲಕ ಹಾದುಹೋಗಿತ್ತು. ಎವರಾರ್ಡ್ ಕಾಲ್ತ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರನು ಅಗಲ ಹಳಿಗೆ ತಗಲುವ ಖರ್ಚನ್ನು ಇಂಥ ಪೇಟೆ ತಾಳಲಾರದೆಂದು ಕಂಡು, ಎರಡೂವರೆ ಅಡಿ ಅಗಲದ ಹಳಿಯನ್ನು ಆರಿಸಿಕೊಂಡನು. ಪ್ರತಿ ಅಚ್ಚಿನ ಮೇಲೆ ಬೀಳುವ ಭಾರ 5 ಟನ್ನನ್ನು ಮೀರಬಾರದೆಂಬುದು ಅವನ ಲೆಕ್ಕ. ಭಾರ ಕಡಿಮೆಯಾದರೆ ಹಗುರಾದ ಹಳಿ ಸಾಕು. ಹಳಿ ಹಗುರಾದರೆ ಸೇತುವೆಯ ಖರ್ಚೂ ಇಳಿಯುತ್ತದೆ. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಸಿಗೆ ಬಂಡಿ ಓಡಿತು. 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ಲಾತೂರಿಗೆ, 1927ರಲ್ಲಿ ಮಿರಜಿಗೆ ಮುಟ್ಟಿತು. ಮಿರಜಿನ ದಾರಿಯಲ್ಲಿರುವ ಜತ್ತ ರೋಡ ನಿಲ್ದಾಣದ ಹೆಸರಿನಲ್ಲಿ ನಮ್ಮ ಜತ್ತವೂ ಸೇರಿಕೊಂಡಿದೆ.

ಪಂಢರಪುರ ಈ ಮಾರ್ಗದ ಮೇಲೆ ಬಂದುದು ಸಾಮಾನ್ಯ ಸಂಗತಿಯಲ್ಲ. ಆಷಾಢಿ ಕಾರ್ತಿಕಿಗಳಲ್ಲಿ ವಿಠೋಬನ ದರ್ಶನಕ್ಕೆ ಹೋಗುವ ಯಾತ್ರಿಕರ ಟಿಕೀಟೂ ಹತ್ತಿಯ ಅಂಡಿಗೆಗಳ ಬಾಡಿಗೆಯೂ ಸೇರಿ, ನಡುವಿನ ಚಿಕ್ಕ ನಿಲ್ದಾಣಗಳಲ್ಲಿ ಹತ್ತುವ ಐದಾರು ಮಂದಿಯನ್ನೂ ಹೊತ್ತುಕೊಂಡು ಹೋದವು. ದಟ್ಟಣೆಯ ದಾರಿ ತೆಳುವಾದ ದಾರಿಯನ್ನು ಸಾಕಬೇಕೆಂಬ ಸೂತ್ರ ನಮ್ಮ ಸೀಮೆಯಲ್ಲಿ ಕಣ್ಣಿಗೆ ಕಾಣುವಂತೆ ನಡೆದುದು ಇಲ್ಲಿಯೇ. 1954ರಲ್ಲಿ ಸರಕಾರ ಈ ರೈಲನ್ನು ಕೊಂಡುಕೊಂಡಿತು. 2000ದ ನಂತರದ ಹತ್ತು-ಹನ್ನೆರಡು ವರ್ಷಗಳಲ್ಲಿ ಆ ಹಳಿಗಳು ಅಗಲವಾದವು. ಸಣ್ಣ ಬಂಡಿ ಮರೆಯಾಯಿತು.

ಮೋಟಾರಿನ ಕಾಲ

ಮೊದಲನೆಯ ಮಹಾಯುದ್ಧ ಮುಗಿದ ಬಳಿಕ ಬಾಡಿಗೆಯ ಮೋಟಾರುಗಳು ಹೆಚ್ಚಾದವು. ಒಬ್ಬ ಒಡೆಯ, ಒಂದು ಬಂಡಿ, ವೇಳೆಯೆಂಬುದಿಲ್ಲ, ಬಂಡಿ ತುಂಬಿದಾಗಲೇ ಹೊರಡುವ ವೇಳೆ. ಒಳ್ಳೆಯ ಸಡಕಿರುವಲ್ಲಿ, ಪೇಟೆ-ಪಟ್ಟಣಗಳ ನಡುವೆ, ಇಂಥ ಬಂಡಿಗಳು ಒಂದನ್ನೊಂದು ಅಟ್ಟಿಕೊಂಡು ಓಡಿದವು. ಸಡಕಿಲ್ಲದ ಊರಿನವನು ಮೊದಲಿನಂತೆ ನಡೆದನು.

ಸಡಕಿಗೆ ಹಣವೆಲ್ಲಿ? 1927ರಲ್ಲಿ ಭಾರತ ಸರಕಾರ ಎಂ. ಆರ್. ಜಯಕರ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಸಡಕನ್ನು ಬಳಸುವವನೇ ಸಡಕಿಗೆ ಹಣ ಕೊಡಲಿ ಎಂಬುದು ಅದರ ಸಲಹೆಯ ಸಾರ. ಅದರಂತೆ 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆಯ ಹೆಚ್ಚಿನ ತೆರಿಗೆ ಬಿದ್ದು, ಅದರಿಂದ ಕೇಂದ್ರದ ರಸ್ತೆನಿಧಿ ಹುಟ್ಟಿತು. ಸೂತ್ರವೇನೋ ನ್ಯಾಯವಾದುದು. ಆದರೆ ಈ ನಿಧಿಯನ್ನು ಹಂಚಿದುದು ಯಾವ ಪ್ರಾಂತದಲ್ಲಿ ಎಷ್ಟು ಪೆಟ್ರೋಲು ಉರಿಯಿತೆಂಬ ಅಳತೆಯಿಂದ. ಮೋಟಾರು ಹೆಚ್ಚಿದ್ದಲ್ಲಿಗೆ ಸಡಕಿನ ಹಣ ಹೆಚ್ಚು. ಸಡಕು ಹೆಚ್ಚಿದ್ದಲ್ಲಿಗೆ ಮೋಟಾರು ಹೆಚ್ಚು. ಎರಡೂ ಇಲ್ಲದ ಸೀಮೆಯ ಪಾಲಿಗೆ ಬಂದುದು ಸ್ವಲ್ಪವೇ.

ನಮ್ಮ ಪೂರ್ವದ ನೆರೆಯಲ್ಲಿ ನಿಜಾಮರ ರಾಜ್ಯವಿತ್ತು; ಕಲಬುರ್ಗಿ, ಬೀದರ, ರಾಯಚೂರುಗಳು ಆಗ ಅದರ ಜಿಲ್ಲೆಗಳು. ಆ ರಾಜ್ಯದಲ್ಲಿ ಬೇರೊಂದು ಬಗೆಯ ಪ್ರಯೋಗ ನಡೆಯಿತು. 1930ರಲ್ಲಿ ನಿಜಾಮ ಸರಕಾರ ತನ್ನ ರೈಲನ್ನು ಕಂಪನಿಯಿಂದ ಕೊಂಡುಕೊಂಡಿತ್ತು. 1932ರ ಜೂನಿನಲ್ಲಿ ಆ ರೈಲ್ವೆ ಇಲಾಖೆಯೇ 27 ಬಸ್ಸುಗಳನ್ನೂ 166 ಮಂದಿ ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಮೊದಲುಮಾಡಿತು. ಭಾರತದಲ್ಲಿ ಸರಕಾರವೇ ನಡೆಸಿದ ರಸ್ತೆ ಸಾರಿಗೆಯ ಮೊದಲ ಪ್ರಯತ್ನಗಳಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ. ರೈಲೂ ಬಸ್ಸೂ ಒಂದೇ ಒಡೆತನದಲ್ಲಿದ್ದರೆ ಒಂದು ಇನ್ನೊಂದರ ಅನ್ನವನ್ನು ಕಸಿಯುವ ಕಾರಣವಿಲ್ಲ. ರೈಲು ಬಿಟ್ಟಲ್ಲಿಂದ ಬಸ್ಸು ಹಿಡಿಯಬಹುದು. ಒಂದು ಕೈಯ ನಷ್ಟವನ್ನು ಇನ್ನೊಂದು ಕೈಯ ಲಾಭದಿಂದ ತುಂಬಬಹುದು.

ಬ್ರಿಟಿಷ್ ಇಂಡಿಯಾದಲ್ಲಿ ಮಾತ್ರ ರೈಲು-ಬಸ್ಸುಗಳ ಜಗಳ ಬೆಳೆಯಿತು. ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು 1932-33ರಲ್ಲಿ ಇದನ್ನು ಕುರಿತು ವರದಿ ಬರೆದರು. ಹಲವು ವರ್ಷಗಳ ಚರ್ಚೆಯ ಫಲವಾಗಿ 1939ರ ಮೋಟಾರು ವಾಹನಗಳ ಕಾಯಿದೆ ಬಂದಿತು. ಬಸ್ಸಿಗೆ ಪರವಾನಗಿ, ಗೊತ್ತಾದ ಮಾರ್ಗ, ಗೊತ್ತಾದ ವೇಳೆ, ಗೊತ್ತಾದ ದರ ಇವೆಲ್ಲ ಈ ಕಾಯಿದೆಯ ಫಲ. ಆದರೆ ಅದರಲ್ಲಿ ಒಂದು ಕೊರತೆ ಉಳಿಯಿತು. ಅರ್ಜಿ ಹಾಕಿದವನಿಗೆ ಪರವಾನಗಿಯನ್ನು ಕೊಡಬಹುದು, ಕೊಡದಿರಬಹುದು; ಯಾರೂ ಅರ್ಜಿಯನ್ನೇ ಹಾಕದ ಹಳ್ಳಿಗೆ ಬಸ್ಸನ್ನು ಕಳುಹಿಸುವುದು ಹೇಗೆ?

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಪೆಟ್ರೋಲಿಗೆ ಪಡಿತರ ಬಿದ್ದು, ಅನೇಕ ಬಸ್ಸುಗಳು ಬೆನ್ನಿಗೆ ಒಲೆಯಂತಹ ಕೊಳವೆಯನ್ನು ಕಟ್ಟಿಕೊಂಡು ಇದ್ದಲಿನ ಅನಿಲದಿಂದ ಓಡಿದವು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ನೂಕುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದ ಕಥೆಗಳು ಆ ಕಾಲದವು.

ಎಸ್. ಟಿ. ಬಂದುದು

ಸ್ವಾತಂತ್ರ್ಯ ಬಂದ ಮರುವರ್ಷವೇ ದೊಡ್ಡ ಬದಲಾವಣೆಯಾಯಿತು. 1948ರಲ್ಲಿ ಅಕ್ಕಲಕೋಟೆ, ಜತ್ತ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅದೇ ವರ್ಷ ಜೂನ್ 1ರಂದು ಪುಣೆಯಿಂದ ಅಹಮದನಗರಕ್ಕೆ (ಈಗಿನ ಅಹಿಲ್ಯಾನಗರ) ಮುಂಬಯಿ ಸರಕಾರದ ಮೊದಲ ಸ್ಟೇಟ್ ಟ್ರಾನ್ಸ್‌ಪೋರ್ಟ್ ಬಸ್ಸು ಓಡಿತು. ಅದೇ ವರ್ಷದ ಸಪ್ಟಂಬರಿನಲ್ಲಿ ಮೈಸೂರು ಸರಕಾರವೂ ತನ್ನ ಸಾರಿಗೆ ಇಲಾಖೆಯನ್ನು 120 ಬಸ್ಸುಗಳೊಡನೆ ಆರಂಭಿಸಿತು. 1950ರಲ್ಲಿ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯನ್ನು ಪಾರ್ಲಿಮೆಂಟು ಮಾಡಿತು. 1956ರಲ್ಲಿ ಮೋಟಾರು ಕಾಯಿದೆಗೆ ಒಂದು ಹೊಸ ಅಧ್ಯಾಯವನ್ನು ಸೇರಿಸಿ, ಖಾಸಗಿಯವರ ಮಾರ್ಗಗಳನ್ನು ಯೋಜನೆಯ ಪ್ರಕಾರ ನಿಗಮಗಳಿಗೆ ವಹಿಸಿಕೊಡಲು ದಾರಿಮಾಡಿತು.

1950ರ ಕಾಯಿದೆಯಲ್ಲಿ ಎರಡು ಮಾತುಗಳು ಅಕ್ಕಪಕ್ಕದಲ್ಲಿಯೇ ಇವೆ. ಜನರಿಗೆ ಸಾಕಷ್ಟು, ದಕ್ಷ, ಮಿತವ್ಯಯದ ಸಾರಿಗೆಯನ್ನು ಒದಗಿಸುವುದು ನಿಗಮದ ಕರ್ತವ್ಯವೆಂದು ಒಂದು ಕಲಮು ಹೇಳುತ್ತದೆ. ನಿಗಮವು ವ್ಯಾಪಾರದ ತತ್ವಗಳಂತೆ ನಡೆಯಬೇಕೆಂದು ಇನ್ನೊಂದು ಕಲಮು ಹೇಳುತ್ತದೆ. ಲಾಭ ಉಳಿದರೆ ಅದನ್ನು ರಸ್ತೆಗಳ ಅಭಿವೃದ್ಧಿಗಾಗಿ ರಾಜ್ಯ ಸರಕಾರಕ್ಕೆ ಒಪ್ಪಿಸಬೇಕೆಂಬ ಏರ್ಪಾಡೂ ಅದರಲ್ಲಿದೆ. ಕಾಯಿದೆಯನ್ನು ಬರೆದವರು ಎಷ್ಟು ಆಶಾವಾದಿಗಳಾಗಿದ್ದರೆಂಬುದು ಇದರಿಂದ ತಿಳಿಯುತ್ತದೆ. ಸೇವೆ ಮತ್ತು ವ್ಯಾಪಾರ ಈ ಎರಡನ್ನೂ ಒಂದೇ ನೊಗಕ್ಕೆ ಹೂಡಿದರು; ಎತ್ತುಗಳ ನಡಿಗೆ ಸಮನಾಗಿಲ್ಲದಾಗ ನೊಗ ಯಾರ ಕಡೆಗೆ ವಾಲಬೇಕೆಂಬುದನ್ನು ಹೇಳಲಿಲ್ಲ.

ಆದರೂ ಆ ಕಾಲದ ಕೆಲಸ ಚಿಕ್ಕದಲ್ಲ. ಊರಿರುವಲ್ಲಿ ರಸ್ತೆ, ರಸ್ತೆಯಿರುವಲ್ಲಿ ಎಸ್. ಟಿ. ಎಂಬ ಘೋಷಣೆಯನ್ನು ಮಹಾರಾಷ್ಟ್ರದ ನಿಗಮ ತನ್ನ ಗುರಿಯಾಗಿ ಇಟ್ಟುಕೊಂಡಿತು. ಕೆಂಪು ಬಸ್ಸು ಸಂತೆಯ ಊರಿಗೂ ಬಂದಿತು. ರಾತ್ರಿ ಹಳ್ಳಿಯಲ್ಲಿಯೇ ತಂಗಿ ಬೆಳಗಿನಲ್ಲಿ ಪೇಟೆಗೆ ಹೊರಡುವ ಮುಕ್ಕಾಮಿನ ಬಸ್ಸು ಎಷ್ಟೋ ಊರುಗಳ ಗಡಿಯಾರವಾಯಿತು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ವಿದ್ಯಾರ್ಥಿಗಳು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಬಸ್ಸಿನ ಒಂದು ಸುತ್ತಿಗೆ ಡೀಸೆಲು, ಟಾಯರು, ಸಂಬಳ, ತೆರಿಗೆ ಎಲ್ಲ ಸೇರಿ 3000 ರೂಪಾಯಿ ಖರ್ಚೆಂದು ಇಟ್ಟುಕೊಳ್ಳೋಣ. ಹತ್ತು ಮಂದಿ ಕುಳಿತರೂ ಐವತ್ತು ಮಂದಿ ಕುಳಿತರೂ ಈ ಖರ್ಚು ಹೆಚ್ಚುಕಡಿಮೆ ಅಷ್ಟೇ. ಪಟ್ಟಣದ ಮಾರ್ಗದಲ್ಲಿ 50 ಮಂದಿ ತಲಾ 90 ರೂಪಾಯಿಯಂತೆ 4500 ಕೊಟ್ಟರೆ 1500 ಉಳಿಯಿತು. ಹಳ್ಳಿಯ ಮಾರ್ಗದಲ್ಲಿ 30 ಮಂದಿ ತಲಾ 50ರಂತೆ 1500 ಕೊಟ್ಟರೆ 1500 ನಷ್ಟವಾಯಿತು. ಎರಡೂ ಒಂದೇ ಕೈಯಲ್ಲಿದ್ದರೆ ಲೆಕ್ಕ ಸರಿಹೋಯಿತು. ಹಳ್ಳಿಯ ಬಸ್ಸು ಓಡಿತು. ಈಗ ಪಟ್ಟಣದ ಮಾರ್ಗದ 50ರಲ್ಲಿ 15 ಮಂದಿ ಬೇರೆ ವಾಹನವನ್ನು ಹತ್ತಿದರೆನ್ನೋಣ. ಉಳಿದ 35 ಮಂದಿಯಿಂದ ಬರುವುದು 3150. ಉಳಿಯುವುದು 150 ಮಾತ್ರ. ಬಸ್ಸನ್ನು ಬಿಟ್ಟವರು ಪಟ್ಟಣದ ಮಾರ್ಗದವರು. ಬಸ್ಸನ್ನು ಕಳೆದುಕೊಳ್ಳುವವರು ಹಳ್ಳಿಯವರು.

ಗೆರೆಯ ಮೇಲಿನ ಊರುಗಳು

1956ರ ನವಂಬರ್ 1ರ ವರೆಗೆ ಸೊಲ್ಲಾಪುರವೂ ವಿಜಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಅಂದು ವಿಜಾಪುರ, ಬೆಳಗಾಂವಿ, ಧಾರವಾಡ, ಕಾರವಾರ ಜಿಲ್ಲೆಗಳು ಮೈಸೂರಿಗೆ ಸೇರಿದವು. ನಿಜಾಮರ ರಾಜ್ಯ ಮೂರು ಪಾಲಾಗಿ ಕಲಬುರ್ಗಿಯೂ ಮೈಸೂರಿಗೆ ಬಂದಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿಯಲ್ಲುಳಿದು, 1960ರ ಮೇ 1ರಿಂದ ಮಹಾರಾಷ್ಟ್ರದವಾದವು. ಆ ಕಡೆ 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿ, 1973ರಲ್ಲಿ ಕರ್ನಾಟಕದ ಹೆಸರನ್ನು ಪಡೆಯಿತು. 2000ದಲ್ಲಿ ಅದರಿಂದ ಕಲಬುರ್ಗಿಯನ್ನು ಕೇಂದ್ರವಾಗುಳ್ಳ ಬೇರೆ ನಿಗಮ ಮೂಡಿತು.

ನಾಡು ಭಾಷೆಯ ಮೇಲೆ ವಿಂಗಡವಾಗುವುದು ಸರಿಯೆಂಬುದನ್ನು ನಾವಾರೂ ಅಲ್ಲಗಳೆಯುವುದಿಲ್ಲ. ಗೆರೆ ಎಲ್ಲಿ ಬೀಳಬೇಕಿತ್ತೆಂಬ ಚರ್ಚೆ ಬೇರೆ. ಇಲ್ಲಿ ಹೇಳಬೇಕಾದುದು ಬಸ್ಸಿನ ವಿಷಯವಷ್ಟೇ. ಒಂದು ರಾಜ್ಯದ ಪರವಾನಗಿ ಇನ್ನೊಂದು ರಾಜ್ಯದಲ್ಲಿ ನಡೆಯಬೇಕಾದರೆ ಅಲ್ಲಿಯ ಅಧಿಕಾರಿಯ ಮೇಲುರುಜು ಬೇಕೆಂಬುದು 1939ರ ಕಾಯಿದೆಯ ನಿಯಮ. ಎರಡು ರಾಜ್ಯಗಳು ಕರಾರು ಮಾಡಿಕೊಂಡು, ಯಾವ ಮಾರ್ಗದಲ್ಲಿ ಯಾರು ಎಷ್ಟು ಸರತಿ ಓಡಿಸಬೇಕೆಂದು ಗೊತ್ತುಮಾಡುತ್ತವೆ. ಸಾಮಾನ್ಯವಾಗಿ ಒಬ್ಬರ ನೆಲದಲ್ಲಿ ಇನ್ನೊಬ್ಬರು ಓಡಿಸುವ ಕಿಲೋಮೀಟರುಗಳು ಸಮನಾಗಿರಬೇಕೆಂಬುದು ನ್ಯಾಯ. ಇಂಥ ಕರಾರಿನಲ್ಲಿ ಮೊದಲು ಬರೆಯಲ್ಪಡುವುವು ಸೊಲ್ಲಾಪುರ-ವಿಜಾಪುರ, ಸೊಲ್ಲಾಪುರ-ಕಲಬುರ್ಗಿಯಂತಹ ದೊಡ್ಡ ಮಾರ್ಗಗಳು. ಪಂಢರಪುರ, ತುಳಜಾಪುರ, ಅಕ್ಕಲಕೋಟೆ, ಗಾಣಗಾಪುರಗಳ ಯಾತ್ರಿಕರು ಎರಡು ನಿಗಮಗಳಿಗೂ ಬೇಕಾದವರು. ಆದರೆ ಗಡಿಯ ಈಚೆಯ ಒಂದು ಹಳ್ಳಿಯಿಂದ ನಾಲ್ಕು ಮೈಲು ಆಚೆಯ ಇನ್ನೊಂದು ಹಳ್ಳಿಗೆ ಬೀಗರೂರಿನ, ಸಂತೆಯ, ಶಾಲೆಯ ಸಂಬಂಧವಿದ್ದರೂ ಅದು ಯಾವ ನಿಗಮದ ನಕ್ಷೆಯಲ್ಲೂ ದೊಡ್ಡ ಮಾರ್ಗವಲ್ಲ. ಡೆಪೋದಿಂದ ಹೊರಟ ಬಸ್ಸು ಗಡಿಯ ಕೊನೆಯ ಊರಿನಲ್ಲಿ ಮುಖ ತಿರುಗಿಸುತ್ತದೆ. ರಾಜ್ಯದ ಮಧ್ಯದಲ್ಲಿರುವ ಹಳ್ಳಿಗೆ ನಾಲ್ಕು ದಿಕ್ಕಿನಿಂದ ಬಸ್ಸು ಬರಬಹುದು. ಗಡಿಯ ಹಳ್ಳಿಗೆ ಬರುವುದು ಒಂದೇ ದಿಕ್ಕಿನಿಂದ.

ಮೇಲಾಗಿ ಗಡಿಯ ಮಾತು ಬಿಸಿಯಾದಾಗಲೆಲ್ಲ ಮೊದಲು ನಿಲ್ಲುವುದು ಬಸ್ಸು. 2022ರ ಕೊನೆಯಲ್ಲಿಯೂ 2025ರ ಫೆಬ್ರುವರಿಯಲ್ಲಿಯೂ ಎರಡು ರಾಜ್ಯಗಳ ನಡುವಿನ ಸರಕಾರಿ ಬಸ್ಸುಗಳ ಸಂಚಾರಕ್ಕೆ ತಡೆಯುಂಟಾಯಿತು. ಬಸ್ಸಿಗೆ ಮಸಿ ಬಳಿದವರು ಆ ಬಸ್ಸಿನಲ್ಲಿ ದಿನವೂ ಹೋಗುವವರಲ್ಲ. ಆಸ್ಪತ್ರೆಗೆ ಹೊರಟ ಮುದುಕಿಗೆ ಬಸ್ಸಿನ ಹಣೆಯ ಮೇಲಿನ ಅಕ್ಷರ ಕನ್ನಡವಾದರೇನು, ಮರಾಠಿಯಾದರೇನು?

ಸೋರಿಹೋದ ಲಾಭ

ಮೇಲಿನ ಕಲ್ಪಿತ ಲೆಕ್ಕದ ಹದಿನೈದು ಮಂದಿ ನಿಜವಾಗಿಯೂ ಇಳಿದುಹೋದರು. 1988ರ ಹೊಸ ಮೋಟಾರು ಕಾಯಿದೆ ಪರವಾನಗಿಗಳ ಬಿಗಿಯನ್ನು ಸಡಿಲಿಸಿತು. ನಾವು ವಡಾಪ್ ಎನ್ನುವ ಜೀಪುಗಳು, ಟಂಟಂಗಳು ಬಸ್ಸಿನ ಮುಂದೆ ಓಡತೊಡಗಿದವು. ಮನೆಮನೆಗೆ ಮೋಟಾರು ಸೈಕಲ್ಲು ಬಂದಿತು. ವಡಾಪನ್ನು ನಿಂದಿಸಿ ಫಲವಿಲ್ಲ. ಬಸ್ಸು ಬರದ ವೇಳೆಗೆ ಅದು ಬರುತ್ತದೆ. ಆದರೆ ಅದು ತುಂಬಿದಾಗಲೇ ಹೊರಡುತ್ತದೆ, ಪಾಸು ಕೇಳುವ ವಿದ್ಯಾರ್ಥಿಯನ್ನು ಹತ್ತಿಸಿಕೊಳ್ಳುವುದಿಲ್ಲ, ಸಂತೆಯಿಲ್ಲದ ದಿನ ಕಾಣುವುದಿಲ್ಲ. 1925ರ ಮೋಟಾರಿನ ಪದ್ಧತಿಯೇ ಮರಳಿ ಬಂದಂತಾಯಿತು.

ಸರಕಾರವೂ ನಿಗಮದಿಂದ ಪಡೆದುದಿದೆ. 1958ರ ಕಾಯಿದೆಯ ಮೇರೆಗೆ ಪ್ರಯಾಣಿಕ ತೆರಿಗೆಯೆಂಬುದನ್ನು ಹಾಕಿ, ಮಹಾರಾಷ್ಟ್ರದಲ್ಲಿ ಬಹುಕಾಲ ಟಿಕೀಟಿನ ಹಣದ ಮೇಲೆ ನೂರಕ್ಕೆ 17.5ರಂತೆ ವಸೂಲು ಮಾಡಿತು. ಕೊಟ್ಟುದೂ ಇದೆ. ವಿದ್ಯಾರ್ಥಿಗಳು ತಿಂಗಳ ಪಾಸಿಗೆ ಮೂರರಲ್ಲಿ ಒಂದು ಪಾಲು ಕೊಟ್ಟರೆ ಸಾಕು. ಅಹಿಲ್ಯಾಬಾಯಿ ಹೋಳ್ಕರರ ಹೆಸರಿನ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಪುಕ್ಕಟೆಯಾಗಿ ಶಾಲೆಗೆ ಹೋಗಬಹುದು. 2022ರಲ್ಲಿ ಎಪ್ಪತ್ತೈದು ದಾಟಿದವರಿಗೆ ಉಚಿತ ಪ್ರಯಾಣ, 2023ರ ಮಾರ್ಚಿನಲ್ಲಿ ಮಹಿಳೆಯರಿಗೆ ಅರ್ಧ ಟಿಕೀಟು ಬಂದವು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಮೊದಲಾಗಿ ಆ ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಇವೆಲ್ಲ ಒಂದು ಸತ್ಯವನ್ನು ಒಪ್ಪಿಕೊಂಡ ಹೆಜ್ಜೆಗಳು: ಬಸ್ಸು ಕೇವಲ ವ್ಯಾಪಾರವಲ್ಲ. ಆದರೆ ರಿಯಾಯಿತಿಯ ಹಣವನ್ನು ಸರಕಾರ ವೇಳೆಗೆ ತುಂಬಿಕೊಡದಿದ್ದರೆ ಹೊಸ ಬಸ್ಸು ಬರುವುದಿಲ್ಲ. ಬಸ್ಸೇ ಬರದ ಊರಿನಲ್ಲಿ ಅರ್ಧ ಟಿಕೀಟಿಗೂ ಪೂರ್ಣ ಟಿಕೀಟಿಗೂ ಭೇದವಿಲ್ಲ.

ಗಡಿಯ ಹೆಣ್ಣುಮಗಳ ಸ್ಥಿತಿ ಇಲ್ಲಿಯೂ ಬೇರೆ. ಅಕ್ಕಲಕೋಟೆಯ ಸೀಮೆಯಿಂದ ಕಲಬುರ್ಗಿಯ ಆಸ್ಪತ್ರೆಗೆ ಹೋಗುವವಳಿಗೆ ಮಹಾರಾಷ್ಟ್ರದ ಅರ್ಧ ಟಿಕೀಟು ಗಡಿಯವರೆಗೆ. ಗಡಿಯ ಆಚೆ ಅವಳ ಗುರುತಿನ ಚೀಟಿ ಕರ್ನಾಟಕದ್ದಲ್ಲವಾದುದರಿಂದ ಶಕ್ತಿ ಇಲ್ಲ. ಎರಡು ಸರಕಾರಗಳೂ ಅವಳಿಗೆ ದಯೆ ತೋರಿವೆ. ಎರಡು ದಯೆಗಳೂ ಗೆರೆಯ ಹತ್ತಿರ ನಿಲ್ಲುತ್ತವೆ.

2021ರ ಕೊನೆಯಿಂದ 2022ರ ಏಪ್ರಿಲಿನವರೆಗೆ ಎಸ್. ಟಿ. ನೌಕರರು ತಮ್ಮನ್ನು ಸರಕಾರಿ ನೌಕರರೊಳಗೆ ಸೇರಿಸಬೇಕೆಂದು ಮುಷ್ಕರ ಹೂಡಿದರು. ಕೊರೋನದಿಂದ ಆಗತಾನೆ ಬಾಗಿಲು ತೆರೆದ ಶಾಲೆಗಳ ಮಕ್ಕಳು ಮೈಲುಗಟ್ಟಲೆ ನಡೆದರು. ನಿಗಮದ ಒಟ್ಟು ನಷ್ಟ ಹತ್ತು ಸಾವಿರ ಕೋಟಿ ರೂಪಾಯಿಯನ್ನು ಮೀರಿದೆಯೆಂದು 2025ರ ಶ್ವೇತಪತ್ರ ತಿಳಿಸಿತು. ಆ ವರ್ಷದ ಜನವರಿಯಲ್ಲಿಯೇ ಎರಡು ರಾಜ್ಯಗಳೂ ಬಸ್ಸಿನ ದರವನ್ನು ನೂರಕ್ಕೆ ಹದಿನೈದರ ಸುಮಾರು ಏರಿಸಿದ್ದವು.

ಸರಕಾರವೂ ಬೇಡ, ಖಾಸಗಿ ಒಡೆಯನೂ ಬೇಡ, ಮೂರನೆಯ ದಾರಿಯಿಲ್ಲವೆ ಎಂದು ಕೆಲವರು ಕೇಳುವುದುಂಟು. ಮಲೆನಾಡಿನ ಕೊಪ್ಪದಲ್ಲಿ ಅದನ್ನೂ ಮಾಡಿನೋಡಿದರು. ಅಲ್ಲಿಯ ಒಂದು ಖಾಸಗಿ ಬಸ್ಸಿನ ಸಂಸ್ಥೆ ಮುಚ್ಚಿದಾಗ ಅದರ ಕಾರ್ಮಿಕರೇ 1991ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಬಸ್ಸು ಓಡಿಸಿದರು. ಸಹಕಾರ ಸಾರಿಗೆಯೆಂಬ ಹೆಸರಿನಿಂದ ಅದು ಕಾಡುಗಳ ನಡುವಿನ ಹಳ್ಳಿಗಳಿಗೂ ಹೋಯಿತು; ವಿದ್ಯಾರ್ಥಿಗಳಿಗೆ ರಿಯಾಯಿತಿಯನ್ನೂ ಕೊಟ್ಟಿತು. ಸುಮಾರು ಮೂವತ್ತು ವರ್ಷ ನಡೆದು 2020ರಲ್ಲಿ ನಿಂತಿತು. ದುಡಿಯುವವರ ನಿಷ್ಠೆ ದೊಡ್ಡ ಬಂಡವಾಳವೇ ಸರಿ. ಆದರೆ ಡೀಸೆಲು ಏರುತ್ತ, ಪ್ರಯಾಣಿಕರು ಇಳಿಯುತ್ತ ಹೋದಾಗ ಹೊರಗಿನ ಆಸರೆಯಿಲ್ಲದೆ ನಿಷ್ಠೆಯೊಂದೇ ಬಂಡಿಯನ್ನು ಎಳೆಯಲಾರದು.

ಇತಿಹಾಸದ ಪಾಠ

ಇಷ್ಟನ್ನೂ ನೋಡಿದ ಮೇಲೆ ಒಂದು ತೀರ್ಮಾನ ತಾನಾಗಿಯೇ ಮೂಡುತ್ತದೆ. ಹಳ್ಳಿಯ ಟಿಕೀಟಿನ ಹಣವೊಂದರ ಮೇಲೆ ಹಳ್ಳಿಯ ಸಾರಿಗೆ ಬಹುಕಾಲ ನಿಂತುದು ಅಪರೂಪ. ಒಮ್ಮೆ ಕಂದಾಯದ ಆಣೆ ದಾರಿಗೆ ಕೊಟ್ಟಿತು. ಒಮ್ಮೆ ಬೊಕ್ಕಸದ ಖಾತರಿ ರೈಲಿಗೆ ಕೊಟ್ಟಿತು. ಒಮ್ಮೆ ಪಂಢರಪುರದ ಯಾತ್ರಿಕನು ಕೊಟ್ಟನು. ಒಮ್ಮೆ ಪಟ್ಟಣದ ಪ್ರಯಾಣಿಕನು ಕೊಟ್ಟನು. ಕೊಡುವವನೊಬ್ಬನು ಇದ್ದಷ್ಟು ಕಾಲ ಬಂಡಿ ಬಂದಿತು. ಹೀಗಿರಲು ನಷ್ಟದ ಮಾರ್ಗವೆಂದು ಹಳ್ಳಿಯ ಬಸ್ಸನ್ನು ನಿಲ್ಲಿಸುವವರಿಗೆ ಶಾಲೆಯ ಉದಾಹರಣೆಯಿಂದಲೇ ಉತ್ತರ ಕೊಡಬೇಕು. ಶಾಲೆ ಎಷ್ಟು ಲಾಭ ತಂದಿತೆಂದು ಯಾರೂ ಕೇಳುವುದಿಲ್ಲ. ಒಂದೇ ಆಣೆಯಿಂದ ಹುಟ್ಟಿದ ಎರಡು ಮಕ್ಕಳಲ್ಲಿ ಒಂದಕ್ಕೆ ಅನ್ನವಿಕ್ಕಿ ಇನ್ನೊಂದಕ್ಕೆ ಲೆಕ್ಕ ಕೇಳುವುದು ನ್ಯಾಯವಲ್ಲ.

2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲುಸೀಮೆಯ 500 ಜನಸಂಖ್ಯೆಯ ಊರುಗಳಿಗೂ ಎಲ್ಲ ಋತುಗಳಲ್ಲಿ ನಡೆಯುವ ರಸ್ತೆಯನ್ನು ಕೊಡುವ ಗುರಿಯಿಟ್ಟುಕೊಂಡಿತು. ಅದರಿಂದ ದೊಡ್ಡ ಉಪಕಾರವಾಗಿದೆ. ಆದರೆ ರಸ್ತೆಗೆ ಯೋಜನೆಯಿದ್ದಂತೆ ಆ ರಸ್ತೆಯ ಮೇಲೆ ಓಡುವ ಬಸ್ಸಿಗೂ ಗೊತ್ತಾದ ಹಣ ಬೇಕು. ನಷ್ಟದ ಹಳ್ಳಿ ಮಾರ್ಗಗಳ ಲೆಕ್ಕವನ್ನು ಬೇರೆಯಾಗಿ ಇಟ್ಟು, ಆ ನಷ್ಟವನ್ನು ವರ್ಷದ ಮುಂಗಡಪತ್ರದಲ್ಲಿಯೇ ತೋರಿಸಿ ನಿಗಮಕ್ಕೆ ಕೊಡಬೇಕು. ಗಡಿಯ ಚಿಕ್ಕ ಮಾರ್ಗಗಳನ್ನು ಎರಡು ರಾಜ್ಯಗಳೂ ತಮ್ಮ ಕರಾರಿನಲ್ಲಿ ಸೇರಿಸಿ, ಒಬ್ಬರ ರಿಯಾಯಿತಿಯನ್ನು ಇನ್ನೊಬ್ಬರು ಕೆಲವು ಮೈಲುಗಳವರೆಗಾದರೂ ಮನ್ನಿಸಬೇಕು. ಬೆಳಗಿನ ಮತ್ತು ಸಂಜೆಯ ಒಂದೊಂದು ಸರತಿಯನ್ನು ಶಾಲೆಯ ಗಂಟೆಗೆ ಹೊಂದಿಸಬೇಕು. ಇವು ಆಗದ ಕೆಲಸಗಳಲ್ಲ.

ನಮ್ಮ ಗುರುಬಂಧುಗಳೂ ಮಾಡಬಹುದಾದುದು ಒಂದಿದೆ. ನಿಮ್ಮ ಶಾಲೆಯಿಂದ ಹೊರಬಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಪ್ರೌಢಶಾಲೆಗೆ ಹೋದರು, ಹೋಗದವರ ಊರಿಗೆ ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಊರಿಗೆ ಬಸ್ಸು ಎಂದು ಬಂದಿತು, ಎಂದು ನಿಂತಿತು ಎಂಬುದನ್ನು ವಿದ್ಯಾರ್ಥಿಗಳು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಅದು ಇತಿಹಾಸದ ಒಳ್ಳೆಯ ಪಾಠವೂ ಆದೀತು. ಆ ಹಾಳೆಯನ್ನು ಗ್ರಾಮಸಭೆಯ ಠರಾವಿನೊಡನೆ ಡೆಪೋದ ಅಧಿಕಾರಿಗಳಿಗೆ ಕಳುಹಿಸಿರಿ. ಬಸ್ಸು ಬೇಕೆಂಬ ಬರಿಯ ಕೂಗಿಗಿಂತ ಎಂಟು ಗಂಟೆಯ ಬಸ್ಸಿಲ್ಲದೆ ಓದು ಬಿಟ್ಟ ಹನ್ನೊಂದು ಮಕ್ಕಳ ಪಟ್ಟಿ ಹೆಚ್ಚು ದೂರ ಹೋಗುತ್ತದೆ.